ಮಾವ ಆರಿಸಿದ ಗಾಳದ ಕೋಲು

ನನ್ನ ಗಂಡ ಜುಂಜೇಶ ನನಗೆ ಸೋದರಮಾವ. ಬುದ್ಧಿ ಬಂದಾಗಿನಿಂದ ಮಾವ ಅಂತ ಕರೆದ ಬಾಯಿ, ಮದುವೆಯಾದ ಮೇಲೂ ಬದಲಾಗಲಿಲ್ಲ. ಹುಳಿಯಾರಿನ ಕಡೆ ನಮ್ಮ ಹಟ್ಟಿಯಲ್ಲಿ ನಮ್ಮಷ್ಟು ಜಗಳವಾಡುವ ಜೋಡಿ ಇನ್ನೊಂದಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಅವನು ಶುರು ಮಾಡಿದರೆ, ನಾನು ಅವನ ತಾಯಿಯ ಅಡುಗೆಯವರೆಗೂ ಹೋಗುತ್ತಿದ್ದೆ. ಅವಳು ನನಗೆ ಸ್ವಂತ ಅಜ್ಜಿ ಅನ್ನುವುದು ಆಗ ನೆನಪೇ ಇರುತ್ತಿರಲಿಲ್ಲ.

ತೋಟ ತೋಟ ತಿರುಗಿ ತೆಂಗಿನಕಾಯಿ ಕೆಡವುವುದು ಅವನ ಕೆಲಸ. ಗಿಡ್ಡ ಮರಕ್ಕೆ ದೋಟಿ, ಅಂದರೆ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಬಿದಿರು. ಎತ್ತರದ ಮರವಾದರೆ ಹತ್ತಿಯೇ ಬಿಡುತ್ತಿದ್ದ. ಹೊನ್ನವಳ್ಳಿಯ ತೋಟವೊಂದರಲ್ಲಿ ಬಿದ್ದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಬಲ ಉಳಿಯಲಿಲ್ಲ. ಅದನ್ನೂ ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ಬೇರೆ: ಅವನು ಜಗಳ ಬಿಟ್ಟ. ಏನು ಅಂದರೂ, "ಹೂಂ, ನೀನು ಹೇಳ್ದಂಗೇ ಆಗ್ಲಿ ಬುಡು" ಅನ್ನುತ್ತಿದ್ದ. ರೋಸಿಹೋಗಿ ಒಂದು ದಿನ ಬೇಕೆಂದೇ ಸಾರಿಗೆ ಹಿಡಿ ಉಪ್ಪು ಸುರಿದೆ. ಪುಣ್ಯಾತ್ಮ ಅದನ್ನೂ ಉಂಡ. ತಟ್ಟೆ ಪಕ್ಕಕ್ಕೆ ಸರಿಸಿ "ಚೆನ್ನಾಗೈತೆ" ಅಂದ. ನಾನು ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ಹಿಂಗಿರುವಾಗ ದುರ್ಗಯ್ಯ ಊರಿಗೆ ಬಂದ. ಮಾವನ ಜೊತೆ ಕುರಿ ಕಾಯ್ದು ಬೆಳೆದವನು, ಈಗ ಕುಮಟಾದ ಹತ್ತಿರ ಕಡಲಂಚಿನ ರೆಸಾರ್ಟೊಂದರಲ್ಲಿ ಅಡುಗೆ ಮಾಡುತ್ತಿದ್ದ. ಮಂಚದ ತುದಿಗೆ ಕೂತು ಕಯಾಕ್ ಅನ್ನುವ ಒಬ್ಬರೇ ಕೂರುವ ಪ್ಲಾಸ್ಟಿಕ್ ದೋಣಿಯ ಕತೆ ಹೇಳಿದ.

"ಅದ್ರಲ್ಲಿ ಕಾಲಿಗೆ ಕೆಲ್ಸವೇ ಇಲ್ಲ ಕಣ್ಲಾ. ಕಾಲು ಮುಂದಕ್ಕೆ ಚಾಚ್ಕಂಡು ಕೂತ್ಕಳದು, ತೋಳಲ್ಲಿ ಹುಟ್ಟು ಹಾಕದು. ಗಾಳ ಹಾಕಿ ಇಷ್ಟಿಷ್ಟುದ್ದ ಮೀನು ಎತ್ತುತಾರೆ. ಹಳೇದೊಂದು ಹಂಗೇ ಬಿದ್ದೈತೆ. ನೀನು ಬತ್ತೀಯಾ ಅಂದ್ರೆ ಓನರ್‌ನ ಕೇಳ್ತೀನಿ."

ಮಾರನೆಯ ದಿನ ಮಧ್ಯಾಹ್ನ ಮಾವ ನನ್ನನ್ನು ಕರೆದು, "ಒಂದು ಗಳ ಕೊಡೇ, ಒಸಿ ದಾರನೂ ಕೊಡು," ಅಂದ. ಬಿದ್ದ ಮೇಲೆ ಅವನು ಬಾಯಿ ಬಿಟ್ಟು ಬೇಕು ಅಂತ ಕೇಳಿದ್ದು ಅದೇ ಮೊದಲು.

ಆಮೇಲೆ ದಿನವೂ ಅದೇ. ತೆಂಗಿನಮರಗಳ ಕೆಳಗೆ ಮಂಚ ಹಾಕಿಸಿಕೊಂಡು, ಗಳಕ್ಕೆ ಬಿಗಿದ ದಾರದ ತುದಿಗೆ ಕಲ್ಲು ಕಟ್ಟಿ, ನೆರಳಿನೊಳಕ್ಕೆ ಎಸೆದು ಕೂರುತ್ತಿದ್ದ. ಮೇಲೆ ಗರಿಗಳು ಸೊಯ್ಯೆಂದು ತೂಗುತ್ತಿದ್ದವು. ಕೆಳಗೆ ಬಿಸಿಲು ನೆರಳು ಒಂದರೊಳಗೊಂದು ಹರಿಯುತ್ತಿದ್ದವು. ನೋಡುತ್ತ ನಿಂತರೆ ನನಗೂ ನೆಲ ಮೆಲ್ಲಗೆ ಅಲುಗಿದಂತಾಗುತ್ತಿತ್ತು. "ಅಲ್ಲಿಂದಾಚೆ ನೀರು," ಅಂತ ಒಂದು ದಿನ ಬೆರಳು ಮಾಡಿ ತೋರಿಸಿದ. ಅವತ್ತಿನಿಂದ ನಾನು ಬಿಂದಿಗೆ ಹೊತ್ತು ಬರುವಾಗಲೂ ಆ ಜಾಗ ತುಳಿಯದೆ ಸುತ್ತಿ ಬರುತ್ತಿದ್ದೆ. ಕೋಳಿಗಳಿಗೆ ಎಲ್ಲಿ ತಿಳಿಯಬೇಕು, ಅವು ನಟ್ಟನಡು ನೀರಿನಲ್ಲಿ ಕೆರೆದುಕೊಂಡು ತಿರುಗುತ್ತಿದ್ದವು. ಗಳ ಹಿಡಿದ ಹಾಗೆಯೇ ಅವನಿಗೆ ನಿದ್ದೆ ಹತ್ತುತ್ತಿತ್ತು. ನಿದ್ದೆಯಲ್ಲಿ ಅವನ ಕೈ ಏನನ್ನೋ ಎಳೆದುಕೊಳ್ಳುತ್ತಿತ್ತು.

ಸಂಕ್ರಾಂತಿ ಕಳೆದು, ಕಡಲು ತಣ್ಣಗಿರುವ ಕಾಲ ನೋಡಿ ದುರ್ಗಯ್ಯ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಹೋದ. ರೆಸಾರ್ಟಿನವರು ದೋಣಿ ಕೊಡುತ್ತೇವೆ, ಗಾಳದ ಸಾಮಾನು ನೀವೇ ತಂದುಕೊಳ್ಳಿ ಅಂದರು. ಅದಕ್ಕೇ ಪೇಟೆಯಲ್ಲಿ ಬಲೆ, ಹಗ್ಗ ಮಾರುವ ಅಂಗಡಿಗೆ ಹೋದೆವು. ದುರ್ಗಯ್ಯ ಮಾವನನ್ನು ಬೆನ್ನ ಮೇಲೆ ಹೊತ್ತು ತಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿದ.

ಅಂಗಡಿಯವರು ಒಳ್ಳೆಯ ಮನುಷ್ಯ. ಚೆಂದದ ಕೋಲುಗಳೆಲ್ಲ ನಮ್ಮ ಕೈಗೆ ನಿಲುಕುವಂಥವಲ್ಲ ಅಂತ ಮುಖ ನೋಡಿಯೇ ಅರಿತು, ಫೈಬರಿನ ಎರಡು ಕೋಲು ತೆಗೆದಿಟ್ಟರು. ಒಂದು ಗಿಡ್ಡ, ಒಂದು ಉದ್ದ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

"ಕಯಾಕಿಗೆ ಗಿಡ್ಡದೇ ಒಳ್ಳೆಯದು ಮಾರಾಯ್ರೆ. ನೀರಿಗೆ ಸಮ ಕೂತಿರ್ತೀರಿ, ಏಳುವ ಹಾಗಿಲ್ಲ. ಕೋಲು ಉದ್ದವಾದ್ರೆ ಮೀನು ಅಲ್ಲೆಲ್ಲೋ ತುದಿಯಲ್ಲಿ ನೇತಾಡ್ತದೆ, ಕೈಗೆ ಸಿಕ್ಕೋದಿಲ್ಲ. ಉದ್ದದ್ದು ದಡದಲ್ಲಿ ನಿಂತು ಎಸೆಯುವವರಿಗೆ."

ನನಗೆ ಸರಿಯೆನಿಸಿತು. "ಗಿಡ್ಡದೇ ಇರ್ಲಿ ಮಾವ," ಅಂದೆ. ಮಾವ ಅಷ್ಟರಲ್ಲಿ ಕೋಲಿಗೆ ಸಿಕ್ಕಿಸುವ, ದಾರ ಸುತ್ತುವ ರೀಲುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ. ನಮ್ಮ ಕಡೆ ಅಟ್ಟದ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಅಂತ ನೋಡುವುದೇ ಹಾಗೆ. ಒಳಗೆ ಒಣಗಿದ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಕಾಯಿ ಪಕ್ಕಾ. ಸದ್ದಿಲ್ಲದ್ದನ್ನು ವಾಪಸ್ ಇಡುತ್ತೇವೆ. ಸದ್ದಿಲ್ಲದ ರೀಲುಗಳನ್ನು ಅವನೂ ವಾಪಸ್ ಇಟ್ಟ. ಲೊಡಲೊಡ ಅಂದ ಒಂದನ್ನು ಮಡಿಲಲ್ಲಿಟ್ಟುಕೊಂಡ.

"ಅದು ಬೇಡ, ಹಿಡಿಕೆ ಸ್ವಲ್ಪ ಸಡಿಲ ಉಂಟು. ಹಳೇ ಪೀಸು," ಅಂದರು ಅಂಗಡಿಯವರು.

"ನಮಗೆ ಇದೇ ಇರ್ಲಿ ಸ್ವಾಮಿ. ಉದ್ದನೆ ಕೋಲೇ ಕೊಡಿ," ಅಂದ ಮಾವ.

"ಅಯ್ಯೋ, ಅವ್ರು ಹೇಳಿದ್ದು ಕೇಳಿಸ್ಲಿಲ್ವಾ?" ಅಂದೆ ನಾನು.

ಅವನು ತಲೆಯೆತ್ತಿ ನೋಡಿದ. ಕಣ್ಣಿನಲ್ಲಿ ಒಂದಿಷ್ಟು ಕೆಂಪು. "ನಿಂಗೇನು ಗೊತ್ತೈತೆ? ಜೀವ್ನ ಪೂರ್ತಿ ದೋಟಿ ಹಿಡಿದೋನು ನಾನೋ ನೀನೋ? ಗಿಡ್ಡ ಕೋಲಲ್ಲಿ ಯಾವ ಗೊನೆ ಎಟುಕ್ತದೆ?"

ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಮೀನು ಗೊನೆಯಲ್ಲ, ಕಡಲು ತೋಟವಲ್ಲ, ನಿನಗೆ ತಲೆ ಕೆಟ್ಟಿದೆ, ಎಲ್ಲವೂ ಬಂದವು. ಆದರೆ ಎಷ್ಟು ಕಾಲವಾಗಿತ್ತು ಅವನು ನನಗೆ ಎದುರು ಮಾತಾಡಿ! ಈಗ ನಾನು ಗೆದ್ದುಬಿಟ್ಟರೆ ಮತ್ತೆ ಹೂಂ ಅಂದುಬಿಟ್ಟಾನು ಅಂತ ಭಯವಾಯಿತು. ಹತ್ತೂ ಮಾತು ನುಂಗಿಕೊಂಡು, "ಅದನ್ನೇ ಕೊಡಿ," ಅಂತ ಅಂಗಡಿಯವರಿಗೆ ಹೇಳಿದೆ. ಅವರು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆದಿಡಿ ಅಂತಷ್ಟೇ ಹೇಳಿ ಕಟ್ಟಿಕೊಟ್ಟರು.

ಮಾರನೆಯ ಬೆಳಗ್ಗೆ ಕಡಲು ಕಂಡೆ. ಮಂಜಿತ್ತು, ನೀರಿಗೂ ಆಕಾಶಕ್ಕೂ ಮಧ್ಯೆ ಗೆರೆಯೇ ಇರಲಿಲ್ಲ. ದುರ್ಗಯ್ಯ ಮಾವನಿಗೆ ಲೈಫ್ ಜಾಕೆಟ್ ತೊಡಿಸಿ, ಕಿತ್ತಳೆ ಬಣ್ಣದ ದೋಣಿಯಲ್ಲಿ ಕೂರಿಸಿ, ಮೊಣಕಾಲುದ್ದ ನೀರಿನವರೆಗೆ ತಳ್ಳಿದ. ಮಾವ ಹುಟ್ಟು ಹಾಕಿದ. ಮರ ಹತ್ತಿದ ತೋಳು, ಎಲ್ಲಿಗೆ ಹೋಗುತ್ತದೆ ಆ ಬಲ! ದೋಣಿ ಸರ್ರನೆ ಹೋಯಿತು. ನನ್ನ ಕೈಯ ಆಸರೆಯಿಲ್ಲದೆ, ನನ್ನಿಂದ ದೂರಕ್ಕೆ, ನನ್ನ ಗಂಡ ತಾನೇ ಹೋಗುತ್ತಿದ್ದ. ಮಂಜಿನಲ್ಲಿ ಸಣ್ಣಗಾದ. ಕೋಲು ಬೀಸಿದ್ದು ಕಂಡಿತು, ಸದ್ದು ಕೇಳಲಿಲ್ಲ. ಅವನು ಕೂತೇ ಇದ್ದ, ನಾನು ನಿಂತೇ ಇದ್ದೆ. ಇದು ಕನಸಾಗಿದ್ದರೆ ಯಾರೂ ಎಬ್ಬಿಸದಿರಲಿ ಅಂದುಕೊಂಡೆ.

ಆಗ ಕೋಲು ಬಾಗಿತು.

"ಹಿಡಿತು, ಹಿಡಿತು!" ಅಂತ ದುರ್ಗಯ್ಯ ಕೂಗಿದ. ಮಾವ ರೀಲು ತಿರುಗಿಸಿದ, ಇನ್ನೂ ತಿರುಗಿಸಿದ. ಇದ್ದಕ್ಕಿದ್ದಂತೆ ಅವನ ಕೈ ಖಾಲಿ ಗಾಳಿಯಲ್ಲಿ ಸುತ್ತಿತು. ರೀಲಿನ ಹಿಡಿಕೆ ಕಳಚಿಕೊಂಡಿತ್ತು. ಕೋಲನ್ನೇ ಮೇಲೆತ್ತಿದ. ಬೆಳ್ಳಗಿನ ಮೀನೊಂದು ತುದಿಯಲ್ಲಿ, ಅವನ ಕೈಗೆ ಒಂದು ಮಾರು ಆಚೆ, ಒದ್ದಾಡುತ್ತ ತೂಗಿತು. ಅವನು ಬಾಗಿ ಕೈ ಚಾಚಿದ. ದೋಣಿ ವಾಲಿತು. "ಮಾವಾ!" ಅಂತ ಚೀರಿದೆ. ಮೀನು ಕಳಚಿ ನೀರಿಗೆ ಬಿತ್ತು.

ಅವನು ತಲೆ ತಗ್ಗಿಸಿ ಕೂತುಬಿಟ್ಟ. ಆಮೇಲೆ ನಿಧಾನವಾಗಿ ದಡದ ಕಡೆಗೆ ಹುಟ್ಟು ಹಾಕಿದ. ಮುಗಿಯಿತು, ಇನ್ನು ಸಾಯುವತನಕ ಹೂಂ ಅಂದುಕೊಂಡು ಮಂಚದ ಮೇಲೇ ಇರುತ್ತಾನೆ, ಕೋಲು ಕೊಡಿಸಿದವಳು ನಾನೇ ಅಂತ ನನ್ನನ್ನು ನಾನೇ ಬೈದುಕೊಂಡೆ. ದುರ್ಗಯ್ಯ ದೋಣಿಯನ್ನು ಮರಳಿಗೆ ಎಳೆದ. ಮಾವ ತಲೆಯೆತ್ತಿದ. ಮುಖ ಧಗಧಗ ಉರಿಯುತ್ತಿತ್ತು.

"ಲೇ ವನಜಾ! ಗಿಡ್ಡದೇ ಸರಿ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನೆ ನಿಂತಿದ್ದೆಯಲ್ಲೇ! ಹುಟ್ಟಿದಾಗಿಂದ ಮುಚ್ಚದ ಬಾಯಿ ನಿನ್ನೆ ಅಂಗಡೀಲೇ ಮುಚ್ಬೇಕಿತ್ತಾ? ನನ್ ಮೇಲೆ ಕನಿಕರ ತೋರ್ಸಕ್ಕೆ ನೀನ್ಯಾವಳೇ?"

ದಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕಣ್ಣೀರು ದಳದಳ ಇಳಿಯಿತು.

"ಅಳ್ಬೇಡ ಕಣೇ, ಬಾಯ್ಬುಡು," ಅಂದ ಮಾವ, ಇನ್ನೂ ಸಿಟ್ಟಿನಲ್ಲೇ. "ಈಗ್ಲೇ ಅಂಗಡಿಗೆ ಹೋಗನ. ಅಲ್ಲಿ ಏನೇನು ನುಂಗ್ಕಂಡ್ಯೋ, ಎಲ್ಲಾ ಹೇಳು."

"ಹೇಳ್ತೀನಿ ಇರು," ಅಂತ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದೆ.