ಆಯುಧಪೂಜೆಗೆ ಸಿಕ್ಕ ಮೌನೇಶನ ತೋಪು

ಗುಜರಿ ಕಬ್ಬಿಣದಲ್ಲಿ ಶಿಲ್ಪ ಮಾಡುವ ಮೌನೇಶನಿಗೆ ಅಂದು ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ. ಯುದ್ಧ ಬೇಡವೆಂದು ಹೇಳಲೆಂದೇ ಅವನು ಕುರೆಕುಪ್ಪದ ಸರ್ಕಲ್ಲಿಗೆ ತೋಪೊಂದನ್ನು ಮಾಡಿಕೊಟ್ಟಿದ್ದ. ನೂರು ವರ್ಷಗಳ ಹಿಂದೆ ಮಹಾಯುದ್ಧಕ್ಕೆ ರೋಸಿಹೋದ ಯುರೋಪಿನ ‘ದಾದಾ’ ಎಂಬ ಪಂಥದ ಕಲಾವಿದರು ಅಸಂಬದ್ಧ ಕೃತಿಗಳಿಂದಲೇ ಯುದ್ಧವನ್ನು ಅಣಕಿಸಿದ್ದರಲ್ಲ, ಹಾಗೆಯೇ ಇವನ ತೋಪಿನ ನಳಿಗೆಯೂ ಹಿಂದಕ್ಕೆ ಬಾಗಿ, ಹೊಡೆಯುವವನ ಎದೆಗೇ ಗುರಿಯಿಟ್ಟಿತ್ತು.

ಆಯುಧಪೂಜೆಯ ಬೆಳಿಗ್ಗೆ ಬಂದು ನೋಡಿದರೆ ಅದಕ್ಕೆ ಬಾಳೆಕಂಬ, ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು! ವಾರ್ಡಿನ ಮೆಂಬರ್ ಶಂಭುಲಿಂಗ ತಾನೇ ಮುಂದೆ ನಿಂತು ವಿಭೂತಿ ಬಳಿಯುತ್ತಿದ್ದ.

“ಸಾಹೇಬ್ರ, ಇದು ಆಯುಧ ಅಲ್ರೀ! ಆಯುಧ ಬ್ಯಾಡ ಅಂತ ಮಾಡಿದ್ದು!”

“ಗೊತ್ತೈತಿ ಬಿಡಪ್ಪಾ. ಭಾಳ ಮಸ್ತ್ ಮಾಡೀದಿ. ವೈರಿಗಳು ನೋಡಿದ್ರ ಗಡಗಡ ನಡುಗಬೇಕು.”

“ನಳಿಗಿ ನಮ್ಮ ಕಡೀಗೇ ತಿರುಗೈತಲ್ರೀ!”

“ಅದನ್ನ ಆಮ್ಯಾಲೆ ನೆಟ್ಟಗ ಮಾಡಿಕೊಡು. ಈಗ ಫೋಟೋಕ್ಕ ಬಾ.”

ಇವನಿಗೆ ಹೇಳುವುದಕ್ಕಿಂತ ಆ ತೋಪಿಗೇ ಹೇಳುವುದು ವಾಸಿ ಎಂದು ಮೌನೇಶ ಹಲ್ಲು ಕಚ್ಚಿದ. ಶಂಭುಲಿಂಗ ಹೊಡೆಯುವವನ ಜಾಗದಲ್ಲಿ, ನಳಿಗೆಯ ಬಾಯಿಗೆ ಎದೆಯೊಡ್ಡಿ ನಗುತ್ತ ನಿಂತ. ಯಾರೋ ಕುಂಕುಮ ತುಂಬಿದ ಬೂದುಗುಂಬಳದಿಂದ ಅವನ ದೃಷ್ಟಿ ತೆಗೆದು, ಅದನ್ನು ಪಕ್ಕದ ಕಟ್ಟೆಗೆ ಅಪ್ಪಳಿಸಿದರು. ಕೆಂಪು ರಸ ಅವನ ಬಿಳಿ ಅಂಗಿಯ ಎದೆಗೆ ಚಿಮ್ಮಿತು.

ತಿಂಗಳುಗಟ್ಟಲೆ ಬೆಸುಗೆ ಹಾಕಿಯೂ ತಿಳಿಸಲಾಗದ್ದು ಈಗ ಎಲ್ಲರ ಕಣ್ಣೆದುರಿಗೇ ಇತ್ತು.

“ನೋಡ್ರೀ, ನಾ ಹೇಳಿದ್ದು ಇದನ್ನ!” ಎಂದು ಮೌನೇಶ ಆ ಎದೆಯತ್ತ ಕೈ ತೋರಿಸಿ ಕೂಗಿದ.

ಶಂಭುಲಿಂಗ ಬಗ್ಗಿ ನೋಡಿಕೊಂಡ.

“ತೊಳದ್ರ ಹೋಗ್ತೈತಿ ಬಿಡಪ್ಪಾ,” ಎಂದು ಮತ್ತೆ ಕ್ಯಾಮೆರಾದತ್ತ ನಕ್ಕ.