ಫಾತಿಮುನ್ನೀಸಾ ಬರೆದ ವರದಿ

ಯಾರ ಮನೆಗೆ ಹೋದರೂ ಫಾತಿಮುನ್ನೀಸಾ ಅವರು ಕುರ್ಚಿಯ ಬೆನ್ನು ಹಿಡಿದು ಒಮ್ಮೆ ಅಲುಗಾಡಿಸಿ ನೋಡದೆ ಕೂರುವವರಲ್ಲ. ಹುಣಸೂರಿನ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಗೇ ಮಾಡಿದರು. ಕುರ್ಚಿ ಕಿರ್ರೆಂದಿತು, ನನ್ನ ಹೆಂಡತಿಯ ಮುಖ ಸಣ್ಣಗಾಯಿತು. "ಮರ ಚೆನ್ನಾಗೈತೆ ಕಣ್ರೀ ಮೇಷ್ಟ್ರೇ, ಕೂಡಿಸ್ದೋನು ಅವಸರ ಮಾಡವ್ನೆ" ಎಂದವರು, ಮರುವಾರ ಉಳಿ, ಕೊಡತಿ ಹಿಡಿದು ಬಂದು, ನಮ್ಮ ಜಗಲಿಯಲ್ಲಿ ಮಂಡಿಯೂರಿ ಕೂತು ತಾವೇ ಅದನ್ನು ಸರಿಮಾಡಿಕೊಟ್ಟರು. ಆ ಹೊತ್ತಿಗಾಗಲೇ ಅವರು ಮೈಸೂರಿನಲ್ಲಿ ನೂರಿಪ್ಪತ್ತು ಜನ ದುಡಿಯುವ ಕಾರ್ಖಾನೆಯ ಒಡತಿ, ಸಣ್ಣ ಕೈಗಾರಿಕೆಗಳ ಸಂಘವೊಂದರ ಅಧ್ಯಕ್ಷೆ.

ಹುಣಸೂರಿನ ಬಡಗಿ ಸಲೀಂ ಸಾಹೇಬರ ಮಗಳಾದ ಇವರು ಇಂಜಿನಿಯರಾದದ್ದು ಆ ಕಾಲಕ್ಕೆ ಬೀದಿಯೆಲ್ಲ ಮಾತಾಡಿದ ಸಂಗತಿ. ಕುಳ್ಳ ಆಕೃತಿ, ಚುರುಕು ಹೆಜ್ಜೆ, ಸೀರೆಯ ಮೇಲೆ ಸದಾ ಒಂದು ಬೂದುಬಣ್ಣದ ವರ್ಕ್‌ಶಾಪ್ ಕೋಟು. ಸಭೆ ಸಮಾರಂಭಗಳಿಗೂ ಅದೇ. ಯಾರು ಏನೇ ಹೇಳಲಿ, "ಅಳತೆ ಎಷ್ಟು?" ಎಂಬುದು ಅವರ ಬಾಯಿಗೆ ಕೂತ ಪ್ರಶ್ನೆ. ನನಗೆ ಜೋರು ಜ್ವರವೆಂದು ಫೋನು ಮಾಡಿದರೂ, "ಜೋರು ಅಂದ್ರೆ ಹೆಂಗೆ? ಅಳತೆ ಹೇಳಿ" ಎಂದಿದ್ದರು.

ಇಂಥವರು ಒಮ್ಮೆ ಅಳತೆ ತಪ್ಪಿದರು. ಎಂಟು ವರ್ಷದ ಹಿಂದೆ ದೊಡ್ಡದೊಂದು ಆರ್ಡರು ಬಂದಿತ್ತು, ಗಡುವು ಹತ್ತಿರವಿತ್ತು. ತಗಡು ಕತ್ತರಿಸುವ ಪ್ರೆಸ್ಸುಗಳಿಗೆ ಕೆಲಸಗಾರರ ಕೈ ಒಳಹೋಗದಂತೆ ಕಬ್ಬಿಣದ ಜಾಲರಿಯ ಮರೆ ಇರುತ್ತದೆ. ಅದಿದ್ದರೆ ಕೆಲಸ ನಿಧಾನ. "ಇದೊಂದು ತಿಂಗಳು ಮಾತ್ರ" ಎಂದು ಅವರು ಆ ಮರೆಗಳನ್ನು ತೆಗೆಸಿದರು. ಒಂಬತ್ತನೆಯ ದಿನ ಪ್ರೆಸ್ಸಿನ ಮುಂದಿದ್ದ ಹಂಪಾಪುರದ ಲಿಂಗಣ್ಣನ ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಲಿಂಗಣ್ಣನ ತಾಯಿ ಪುಟ್ಟಮಾದಮ್ಮ ಇವರ ಕೈಹಿಡಿದು, "ನೀವೇನ್ ಮಾಡೀರಿ ಅಮ್ಮಾರೆ, ನಮ್ಮ ಅಣೆಬರ" ಎಂದಳಂತೆ.

"ಹಣೆಬರ ಅಲ್ಲ ಕಣಮ್ಮ. ಆ ಮರೆ ತೆಗೆಸ್ದೋಳು ನಾನು" ಎಂದರಂತೆ ಇವರು.

ಸಂಘದ ಹಿರಿಯರು ಮನೆಗೇ ಬಂದು ಬುದ್ಧಿ ಹೇಳಿದರು. ಕೆಲಸಗಾರನ ಅಜಾಗರೂಕತೆಯೆಂದು ಸರ್ಕಾರಕ್ಕೆ ಕೊಡುವ ಅಪಘಾತದ ವರದಿಯಲ್ಲಿ ಒಂದು ಸಾಲು ಬರೆದರೆ ಮುಗಿಯಿತು, ಇಲ್ಲದಿದ್ದರೆ ಕಾರ್ಖಾನೆಗೆ ಬೀಗ, ನೂರಿಪ್ಪತ್ತು ಮನೆಯ ಅನ್ನಕ್ಕೆ ಕಲ್ಲು, ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮೂರನೆಯ ದಿನ ಅವರು ವರದಿಯಲ್ಲಿ ತಮ್ಮ ಆಜ್ಞೆ, ಅದರ ತಾರೀಖು, ಕೆಳಗೆ ತಮ್ಮ ಹೆಸರು, ಎಲ್ಲವನ್ನೂ ಬರೆದರು. ಕಾರ್ಖಾನೆ ಹತ್ತು ವಾರ ಮುಚ್ಚಿತು. ಆರ್ಡರು ಕೈತಪ್ಪಿತು. ಕೆಲಸಗಾರರಲ್ಲಿ ಕೆಲವರು ಮತ್ತೆ ತಿರುಗಿ ಬರಲೇ ಇಲ್ಲ.

ಇಷ್ಟೆಲ್ಲ ಆದರೂ ಲಿಂಗಣ್ಣ ಕರಗಲಿಲ್ಲ. "ನೀವು ಬರ್ಕೊಟ್ರೆ ನನ್ ಬೆರಳು ಬತ್ತವಾ?" ಎಂದು ಕೇಳಿದ. ಆರು ತಿಂಗಳು ಕಳೆದ ಮೇಲೆ ಅವರು, ಎರಡು ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯುವಂಥ ಏರ್ಪಾಡಿನ ನಕ್ಷೆಯೊಂದನ್ನು ಹಿಡಿದು ಹಂಪಾಪುರಕ್ಕೆ ಹೋದರು. "ಇದ್ರಲ್ಲಿ ಎಲ್ಲಿ ತಪ್ಪೈತೆ, ನೀವೇ ಹೇಳ್ಬೇಕು ಲಿಂಗಣ್ಣ" ಎಂದರು.

ಅವನು ನಕ್ಷೆಯ ಎರಡು ಗುಂಡಿಗಳ ನಡುವೆ ಎಡಗೈಯ ಬೆರಳಿಟ್ಟು ಅಳೆದ. "ಗುಂಡಿಗಳು ಅತ್ರ ಆದ್ವು ಮೇಡಮ್ನೋರೆ. ಆತ್ರದೋನು ಒಂದ್ನ ಮೊಣಕೈಲಿ ಒತ್ತುಬುಟ್ಟು, ಒಂದ್ ಕೈ ಒಳಕ್ಕೆ ಆಕ್ತಾನೆ. ನಾನಾಗಿದ್ರೂ ಅಂಗೇ ಮಾಡ್ತಿದ್ದೆ."

ಗುಂಡಿಗಳು ದೂರ ಸರಿದವು. ಆ ನಕ್ಷೆಯನ್ನು ಅವರು ಸಂಘದ ಎಲ್ಲರಿಗೂ ಹಣ ಪಡೆಯದೆ ಹಂಚಿದರು. ಮೊದಲು ಮುಖ ತಿರುಗಿಸಿದವರೂ ವರ್ಷ ಕಳೆಯುವಷ್ಟರಲ್ಲಿ ಬಂದು ಕೇಳಿ ಒಯ್ದರು. ತಂದೆಯ ಹಳೆಯ ಬಡಗಿ ಕೊಟ್ಟಿಗೆ ತರಬೇತಿಶಾಲೆಯಾಯಿತು. ಅಂತರಸಂತೆಯ ಕಡೆಯ ಹೆಣ್ಣುಮಕ್ಕಳು ಅಲ್ಲಿಗೆ ಲೇತು ಯಂತ್ರದ ಕೆಲಸ ಕಲಿಯಲು ಬರುತ್ತಾರೆ. ಕಲಿಸುವವನು ಲಿಂಗಣ್ಣ. ಮೊದಮೊದಲು ಬಲಗೈಯನ್ನು ಜೇಬಿನಲ್ಲೇ ಅಡಗಿಸಿಕೊಂಡು ಪಾಠ ಹೇಳುತ್ತಿದ್ದನು, ಈಗ ಆ ಕೈಯನ್ನೇ ಎತ್ತಿ ತೋರಿಸಿ ಪಾಠ ಶುರುಮಾಡುತ್ತಾನೆ.

ಈ ವರ್ಷ ಕೆ.ಆರ್. ನಗರದಲ್ಲಿ ಫಾತಿಮುನ್ನೀಸಾ ಅವರಿಗೆ ಸನ್ಮಾನವಾಯಿತು. ಅಭಿನಂದನಾ ಪತ್ರದಲ್ಲಿ ಪದವಿಗಳೆಲ್ಲ ಬಂದವು, ಅಪಘಾತ ಬರಲಿಲ್ಲ. ಉತ್ತರ ಕೊಡಲು ಎದ್ದವರು ಅದನ್ನೊಂದನ್ನೇ ಹೇಳಿ ಕೂತರು. ಕಾರ್ಯಕ್ರಮ ಮುಗಿದ ಮೇಲೆ ಮಿರ್ಲೆಯ ಅಕ್ಕಿ ಗಿರಣಿಯ ಕಂಠಪ್ಪನವರು ಹಾರ ಹಿಡಿದವರ ಸಾಲು ಬಿಟ್ಟು, ಸಭೆಯ ಹಿಂಬದಿಯಲ್ಲಿ ಕೂತಿದ್ದ ಲಿಂಗಣ್ಣನ ಬಳಿಗೆ ನೇರ ಬಂದರು. "ನಮ್ ಗಿರಣೀಲೂ ಬೆಲ್ಟಿಗೆ ಮರೆ ಇಲ್ಲ ಕಣಪ್ಪ. ನಾಳೀಕ್ ಬಂದು ನೋಡ್ತೀಯಾ?"

"ಬತ್ತೀನಿ. ಆದ್ರೆ ನಾಳೆಗಂಟ ಯಾಕ್ರೀ ಓಡಿಸ್ತೀರಿ? ಈಗ್ಲೇ ಫೋನ್ ಮಾಡಿ ನಿಲ್ಸಿ" ಎಂದ ಲಿಂಗಣ್ಣ.

ಕಂಠಪ್ಪನವರು ಅಲ್ಲೇ ಫೋನು ತೆಗೆದರು.

ತಪ್ಪು ಮಾಡದವರು ಯಾರೂ ಇಲ್ಲ. ಅದನ್ನು ವಿಧಿಯ ಹೆಸರಿಗೋ ಕೈಕೆಳಗಿನವನ ಹೆಸರಿಗೋ ಬರೆದು ಹಗುರಾಗುವವರೇ ಹೆಚ್ಚು. ತಮ್ಮ ಹೆಸರಿಗೇ ಅದನ್ನು ಉಳಿಸಿಕೊಂಡು, ಉಳಿದ ಆಯುಷ್ಯವನ್ನು ಅದರ ದುರಸ್ತಿಗೆ ಸವೆಸುವವರು ವಿರಳ. ಅಂಥವರಿರುವ ಸೀಮೆಯಲ್ಲಿ ಬೆಳಿಗ್ಗೆ ದುಡಿಯಲು ಹೋದ ಮಕ್ಕಳು ಹೋದ ಹಾಗೇ ಸಂಜೆ ಇಡಿಯಾಗಿ ಮನೆಗೆ ಬರುತ್ತಾರೆ.