ಕರೆದರೆ ತಿರುಗದ ಮಗು

ಇಸ್ತ್ರಿ ಅಂಗಡಿಯ ಅಕ್ಕನ ಗಂಟಲು ಆ ಬೀದಿಗೆಲ್ಲ ಪರಿಚಯ. ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಸಂಜೆ ಬಾಗಿಲು ಹಾಕುವವರೆಗೆ ಅವಳು ಮಗಳನ್ನು ಕರೆಯುತ್ತಲೇ ಇರುತ್ತಾಳೆ.

"ಪುಟ್ಟೀ, ಆ ಬಟ್ಟೆ ಗಂಟು ತಗೊಂಡು ಬಾ. ಪುಟ್ಟೀ, ರಸ್ತೆಗೆ ಇಳೀಬೇಡ. ಏ ಪುಟ್ಟೀ, ಕಿವಿ ಏನು ಬಾಡಿಗೆಗೆ ಕೊಟ್ಟಿದ್ದೀಯಾ?"

ಆರು ವರ್ಷದ ಪುಟ್ಟಿ ತಿರುಗುವುದಿಲ್ಲ. ಮೆಟ್ಟಿಲ ಮೇಲೆ ಕೂತು, ಅಂಗಿಗಳಿಂದ ಉದುರಿದ ಗುಂಡಿಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸುತ್ತಿರುತ್ತಾಳೆ. ಕೊನೆಗೆ ಅಮ್ಮ ಬಂದು ತೋಳು ಹಿಡಿದು ಅಲ್ಲಾಡಿಸಿದಾಗ ಬೆಚ್ಚಿಬಿದ್ದು ಅವಳ ಮುಖವನ್ನೇ ನೋಡುತ್ತಾಳೆ.

"ಹಠಮಾರಿ. ಅಪ್ಪನ ಥರಾನೇ," ಎಂದು ಅಕ್ಕ ಬೈದುಕೊಂಡು ಮತ್ತೆ ಇಸ್ತ್ರಿ ಪೆಟ್ಟಿಗೆ ಹಿಡಿಯುತ್ತಾಳೆ.

ಬೀದಿಯ ಆಚೆ ಬದಿಯಲ್ಲಿ ಗ್ರಂಥಾಲಯವಿದೆ. ಅದರ ಪಕ್ಕದ ಚಿಕ್ಕ ಕೋಣೆಯ ಕಿಟಕಿಯಲ್ಲಿ ಕೂತು ಒಬ್ಬ ಹೆಂಗಸು ಮೂರು ದಿನದಿಂದ ಇದನ್ನು ನೋಡುತ್ತಿದ್ದಳು. ಅವಳು ಕಿವಿ ಪರೀಕ್ಷೆ ಮಾಡುವವಳು. ಊರಿನವರು ಆಮೇಲೆ ಅವಳಿಗೆ ಕಿವಿ ಮೇಡಂ ಎಂದು ಹೆಸರಿಟ್ಟರು. ನಾವೂ ಹಾಗೇ ಕರೆಯೋಣ.

ಕಿವಿ ಮೇಡಂ ದೊಡ್ಡ ನಗರದಿಂದ ಬಂದಿದ್ದಳು. ಅಲ್ಲಿ ಅವಳೂ ಅವಳ ಜೊತೆಗೆಲಸದವರೂ ಸೇರಿ, ಹಿರಿಯರು ತೀರಿಕೊಂಡ ಮೇಲೆ ಮನೆಯವರು ಕೊಟ್ಟುಬಿಡುವ ಕಿವಿ ಮಷಿನ್‌ಗಳನ್ನು ಕೂಡಿಸಿ, ರಿಪೇರಿ ಮಾಡಿ, ಬೇಕಾದವರಿಗೆ ಉಚಿತವಾಗಿ ಹಾಕಿಕೊಡುತ್ತಿದ್ದರು. ಯಾರು ಯಾವ ಊರಿಗೆ ಹೋಗುವುದು ಎಂಬ ಮಾತು ಬಂದಾಗ ಅವಳು ಈ ಊರನ್ನು ತಾನೇ ಕೇಳಿ ಪಡೆದಿದ್ದಳು. ತಿಂಗಳಿಗೆ ಒಂದು ವಾರ ಬರುವುದೆಂದು ಗೊತ್ತುಮಾಡಿಕೊಂಡಿದ್ದಳು. ಇದು ಅವಳು ಹುಟ್ಟಿದ ಊರು. ಆದರೆ ಇಲ್ಲಿ ಈಗ ಅವಳದ್ದು ಅನ್ನುವವರು ಯಾರೂ ಇರಲಿಲ್ಲ. ಬಸ್ ನಿಲ್ದಾಣದ ಹತ್ತಿರ, ಬಣ್ಣದ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಇಳಿದುಕೊಂಡಿದ್ದಳು.

ಬಾಗಿಲಿಗೆ ಬೋರ್ಡು ಹಾಕಿದ್ದಳು: ಕಿವಿ ಪರೀಕ್ಷೆ, ಉಚಿತ, ಮಕ್ಕಳಿಗೂ ದೊಡ್ಡವರಿಗೂ. ಮೂರು ದಿನದಲ್ಲಿ ಒಳಗೆ ಬಂದವನು ಒಬ್ಬನೇ, ಅವನೂ ಶೌಚಾಲಯ ಎಲ್ಲಿ ಎಂದು ಕೇಳಿಕೊಂಡು ಹೋದ.

"ಇವತ್ತೂ ಯಾರೂ ಇಲ್ವಾ ಮೇಡಂ?" ಗ್ರಂಥಾಲಯದ ಅಟೆಂಡರ್ ಬೀಗದ ಕೈ ಕುಣಿಸುತ್ತ ಕೇಳಿದ. "ನಮ್ಮೂರಲ್ಲಿ ಎಲ್ಲರ ಕಿವೀನೂ ಚುರುಕು. ಪಕ್ಕದ ಮನೇಲಿ ಪಿಸುಗುಟ್ಟಿದ್ರೂ ಇಲ್ಲಿ ಸುದ್ದಿ ಆಗಿರುತ್ತೆ."

ಅವಳು ನಕ್ಕಳು. ಆದರೆ ಕಣ್ಣು ಇಸ್ತ್ರಿ ಅಂಗಡಿಯ ಮೆಟ್ಟಿಲ ಮೇಲೇ ಇತ್ತು.

ಆ ಮಗುವಿಗೆ ಏನಾಗಿದೆ ಎಂದು ಅವಳಿಗೆ ಮೊದಲನೆಯ ದಿನವೇ ಅನುಮಾನ ಬಂದಿತ್ತು. ಅದಕ್ಕಿಂತ ಮೊದಲೇ ಇನ್ನೊಂದು ವಿಷಯ ಗೊತ್ತಾಗಿತ್ತು. ಇಸ್ತ್ರಿ ಅಂಗಡಿಯ ಅಕ್ಕ ಯಾರೆಂದು. ಮೂವತ್ತು ವರ್ಷ ಕಳೆದಿದ್ದರೂ ಆ ದನಿಯ ಜೊತೆ ಬಾಯಿ ಓರೆಯಾಗುವ ರೀತಿ ಬದಲಾಗಿರಲಿಲ್ಲ.

ಕಿವಿ ಮೇಡಂಗೆ ಹುಟ್ಟಿನಿಂದಲೇ ಕಿವಿ ಮಂದ. ಅದು ಮನೆಯವರಿಗೂ ತಿಳಿದಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ. ಎಲ್ಲರಿಗೂ ಲೋಕ ಇಷ್ಟೇ ಮೆತ್ತಗೆ ಕೇಳುತ್ತದೆ ಎಂದುಕೊಂಡಿದ್ದಳು. ಶಾಲೆಯಲ್ಲಿ ಅವಳಿಗೆ 'ಗೋಡೆ' ಎಂದು ಹೆಸರಿಟ್ಟಿದ್ದರು. ಒಂದು ಆಟವೂ ಇತ್ತು. ಒಬ್ಬಳು ಹಿಂದೆ ನಿಂತು ಬಾಯಿಗೆ ಬಂದದ್ದನ್ನು ಬೈಯುವುದು. ಎದುರಿಗಿದ್ದವರು ನಗುವುದು. ಅವರು ನಗುವುದನ್ನು ನೋಡಿ ಇವಳೂ ನಗುತ್ತಿದ್ದಳು. ತನ್ನನ್ನೂ ಆಟಕ್ಕೆ ಸೇರಿಸಿಕೊಂಡಿದ್ದಾರೆ ಎಂದು ಅವಳಿಗೆ ಬಹಳ ಖುಷಿಯಾಗುತ್ತಿತ್ತು. ಒಂದು ದಿನ ಮುಚ್ಚಿದ ಕಿಟಕಿಯ ಗಾಜಿನಲ್ಲಿ, ಹಿಂದೆ ನಿಂತವಳ ಓರೆ ಬಾಯಿ ಕಂಡಿತು. ಅದು ಏನು ಹೇಳುತ್ತಿದೆ ಎಂದು ತುಟಿ ನೋಡಿಯೇ ಅರ್ಥವಾಯಿತು. ಅಂದಿನಿಂದ ಅವಳು ನಗುವುದನ್ನು ಬಿಟ್ಟಳು. ಆಡುವುದನ್ನೂ ಬಿಟ್ಟಳು.

ಅವಳ ಹದಿನಾಲ್ಕನೇ ವಯಸ್ಸಿನಲ್ಲಿ ಮನೆಯವರೆಲ್ಲ ನಗರಕ್ಕೆ ಹೋದರು. ಅಲ್ಲಿ ಜ್ವರಕ್ಕೆ ತೋರಿಸಿದ ಡಾಕ್ಟರು, ಈ ಹುಡುಗಿ ನನ್ನ ತುಟಿಯನ್ನೇ ಯಾಕೆ ನೋಡುತ್ತಾಳೆ ಎಂದು ಕೇಳಿದರು. ಪರೀಕ್ಷೆಯಾಯಿತು, ಮಷಿನ್ ಬಂತು, ಓದು ಹತ್ತಿತು. ಕೆಲಸವೂ ಆ ದಾರಿಯಲ್ಲೇ ಸಿಕ್ಕಿತು. ಆದರೆ ಜನ ಗುಂಪಾಗಿ ನಗುತ್ತಿದ್ದರೆ ಈಗಲೂ ಅವಳ ಬೆನ್ನು ಬಿಗಿಯುತ್ತಿತ್ತು. ಸ್ನೇಹ ಮಾಡಿಕೊಳ್ಳುವ ವಿದ್ಯೆ ಮಾತ್ರ ಆ ವಯಸ್ಸಿನಲ್ಲಿ ಕಲಿಯದೆ ಉಳಿದದ್ದು ಉಳಿದೇ ಹೋಗಿತ್ತು. ಸಂಜೆ ಕೋಣೆಗೆ ಹೋಗಿ ಎರಡೂ ಕಿವಿಯ ಮಷಿನ್ ತೆಗೆದಿಟ್ಟರೆ, ಕೆಳಗಿನ ಬಸ್ಸು, ಅಂಗಡಿ, ಜನ ಎಲ್ಲ ಒಮ್ಮೆಲೇ ಇಲ್ಲವಾಗುತ್ತಿತ್ತು. ಅವಳು ಹಾಗೇ ಕೂತು ಊಟ ಮಾಡುತ್ತಿದ್ದಳು.

ನಾಲ್ಕನೇ ದಿನ ಅವಳು ಒಂದು ಬಿಳಿ ಕೋಟು ಹಿಡಿದುಕೊಂಡು ಬೀದಿ ದಾಟಿದಳು.

"ಇಸ್ತ್ರಿ ಆಗ್ಬೇಕಿತ್ತು."

"ಇಡಿ, ಮಧ್ಯಾಹ್ನಕ್ಕೆ ಕೊಡ್ತೀನಿ." ಅಕ್ಕ ಅವಳ ಮುಖ ನೋಡಿದಳು. "ಲೈಬ್ರರಿ ಪಕ್ಕ ಬಂದಿದ್ದೀರಲ್ಲ, ನೀವೇನಾ? ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ."

"ಇರಬಹುದು." ಕಿವಿ ಮೇಡಂ ಮೆಟ್ಟಿಲ ಕಡೆ ತಿರುಗಿದಳು. "ಮಗಳ ಕಿವಿ ಒಂದು ಸಲ ನೋಡಲಾ?"

ಅಕ್ಕನಿಗೆ ರೇಗಿತು. "ಅವಳ ಕಿವಿಗೇನಾಗಿದೆ? ಬೇಕಾದ್ದೆಲ್ಲ ಕೇಳುತ್ತೆ ಅವಳಿಗೆ. ಬಿಸ್ಕತ್ತು ಅಂದ್ರೆ ಓಡಿ ಬರ್ತಾಳೆ."

"ಬಿಸ್ಕತ್ತು ಅನ್ನುವಾಗ ನೀವು ಅವಳ ಎದುರಿಗೆ ನಿಂತಿರ್ತೀರಾ, ಹಿಂದೆ ನಿಂತಿರ್ತೀರಾ?"

ಅಕ್ಕ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು.

"ಟಿವಿ ಜೋರಾಗಿ ಇಡ್ತಾಳಾ? ಹತ್ತಿರ ಹೋಗಿ ಕೂರ್ತಾಳಾ? ಮಾತಾಡುವಾಗ ಕೆಲವು ಅಕ್ಷರ ನುಂಗ್ತಾಳಾ? ಏನು, ಏನು ಅಂತ ಮತ್ತೆ ಮತ್ತೆ ಕೇಳ್ತಾಳಾ?"

"ಟೀಚರ್ ಕೂಡ ಹೇಳಿದ್ರು," ಅಕ್ಕನ ದನಿ ಇಳಿಯಿತು. "ಮಂದ ಬುದ್ಧಿ ಇರಬೇಕು ಅಂದ್ರು. ನಾನು ಎಣ್ಣೆ ಬಿಸಿ ಮಾಡಿ ಕಿವಿಗೆ ಬಿಡ್ತಾ ಇದ್ದೀನಿ."

"ಎಣ್ಣೆ ಬಿಡಬೇಡಿ ಅಕ್ಕ. ಕಡ್ಡಿ, ಪಿನ್ನು ಏನೂ ಹಾಕಬೇಡಿ. ಒಳಗಿನ ತೆಳು ಪೊರೆ ಹರಿದುಹೋಗುತ್ತೆ. ಅರ್ಧ ಗಂಟೆ ಕರ್ಕೊಂಡು ಬನ್ನಿ, ಸಾಕು. ನೋವಾಗಲ್ಲ, ಸೂಜಿ ಇಲ್ಲ."

"ಅವರಪ್ಪ ಒಪ್ಪಲ್ಲ."

"ಅವರನ್ನೂ ಕರ್ಕೊಂಡು ಬನ್ನಿ."

ಮರುದಿನ ಮೂವರೂ ಬಂದರು. ಅಪ್ಪ ಬಸ್ ಡ್ರೈವರ್. ಬಾಗಿಲಲ್ಲೇ ನಿಂತು ಗಡಿಯಾರ ನೋಡಿಕೊಂಡ.

"ನೋಡಿ ಮೇಡಂ, ನೇರವಾಗಿ ಹೇಳ್ತೀನಿ. ಹೆಣ್ಣು ಮಗು. ಕಿವಿಗೆ ಮಷಿನ್ ಸಿಕ್ಕಿಸಿದ್ರೆ ಸ್ಕೂಲಲ್ಲಿ ಆಡ್ಕೊಳ್ಳಲ್ವಾ?"

"ಆಡ್ಕೋಬಹುದು," ಎಂದಳು ಕಿವಿ ಮೇಡಂ. ಅವನು ಆ ಉತ್ತರಕ್ಕೆ ಸಿದ್ಧನಿರಲಿಲ್ಲ. "ಮಷಿನ್ ಇಲ್ಲದೆ ಇದ್ರೂ ಆಡ್ಕೋತಾರೆ. ನನಗೆ ಚಿಕ್ಕವಯಸ್ಸಲ್ಲಿ ಮಷಿನ್ ಇರಲಿಲ್ಲ. ಆದ್ರೂ ಆಡ್ಕೊಂಡ್ರು. ಯಾಕೆ ನಗ್ತಾರೆ ಅಂತಾನೂ ನನಗೆ ಕೇಳ್ತಾ ಇರಲಿಲ್ಲ, ಅಷ್ಟೇ." ಅವಳು ಕೂದಲು ಸರಿಸಿ ತನ್ನ ಕಿವಿಯ ಮಷಿನ್ ತೋರಿಸಿದಳು.

ಮೊದಲು ಪುಟ್ಟಿಯ ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಿದಳು. ಗುಗ್ಗೆ ಕಟ್ಟಿರಲಿಲ್ಲ, ಸೋರುತ್ತಲೂ ಇರಲಿಲ್ಲ. ಆಮೇಲೆ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ಮಂಡಿಯೂರಿ, ಒಂದು ಡಬ್ಬಿಯನ್ನೂ ಒಂದು ಮುಷ್ಟಿ ಗುಂಡಿಗಳನ್ನೂ ಕೊಟ್ಟಳು. ಮುಖ ಕಾಣುವಂತೆ ನಿಧಾನವಾಗಿ ಮಾತಾಡಿದಳು.

"ಪುಟ್ಟೀ, ಅಪ್ಪ ನಿನ್ನ ಹಿಂದೆ ನಿಂತು ಕರೀತಾರೆ. ಕೇಳಿಸಿದ್ರೆ ಡಬ್ಬಿಗೆ ಗುಂಡಿ ಹಾಕು. ಕೇಳಿಸದೇ ಇದ್ರೂ ತಪ್ಪೇನಿಲ್ಲ. ಇಲ್ಲಿ ಯಾರೂ ನಗಲ್ಲ."

ಗೋಡೆಗೆ ಒರಗಿ ನಿಂತಿದ್ದ ಅಕ್ಕ ಆ ಮಾತಿಗೆ ನೆಟ್ಟಗಾದಳು.

ಡ್ರೈವರ್ ಹಿಂದೆ ಹೋಗಿ ಕರೆದ. "ಪುಟ್ಟೀ." ಡಬ್ಬಿಗೆ ಏನೂ ಬೀಳಲಿಲ್ಲ. ಇನ್ನೂ ಜೋರಾಗಿ ಕರೆದ. ಪುಟ್ಟಿ ಗುಂಡಿಯೊಂದನ್ನು ತಿರುವಿ ನೋಡುತ್ತಿದ್ದಳು. ಅವನು ಒಂದು ಹೆಜ್ಜೆ ಜೋರಾಗಿ ಮುಂದಿಟ್ಟಾಗ ತಟ್ಟನೆ ತಿರುಗಿದಳು.

"ನೋಡಿ, ಕೇಳ್ತು," ಎಂದ.

"ಹಲಗೆ ನೆಲ, ಅದುರ್ತು. ಕಾಲಿಗೆ ಗೊತ್ತಾಯ್ತು, ಕಿವಿಗಲ್ಲ. ನಿಂತಲ್ಲೇ ಇನ್ನೊಮ್ಮೆ ಕರೀರಿ."

ಅವನು ಮತ್ತೆ ಕರೆದ. ಮತ್ತೂ ಕರೆದ. ಡಬ್ಬಿ ಖಾಲಿಯೇ ಉಳಿಯಿತು. ಬಂದು ಬೆಂಚಿನ ಮೇಲೆ ಕೂತುಬಿಟ್ಟ. "ಹೋದ ವಾರ ಇವಳಿಗೆ ಹೊಡೆದೆ ಮೇಡಂ. ಮಾತು ಕೇಳಲ್ಲ ಅಂತ."

ಅಕ್ಕ ಕಿವಿ ಮೇಡಂ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ನೀವು ಇಲ್ಲೇ ಓದಿದ್ದಾ? ಎರಡನೇ ಬೆಂಚಲ್ಲಿ ಕೂರ್ತಿದ್ದವರು?"

"ಮೊದಲನೇ ಬೆಂಚು. ಟೀಚರ್ ಬಾಯಿ ಕಾಣ್ಲಿ ಅಂತ."

"ನಿಮ್ಮನ್ನ ನಾವು..."

"ಗೋಡೆ ಅಂತಿದ್ರಿ."

"ಆಟ ಅಂದ್ಕೊಂಡಿದ್ವಿ."

"ನಿಮಗೆ ಆಟ," ಎಂದಳು ಕಿವಿ ಮೇಡಂ. ಎಷ್ಟೋ ವರ್ಷದಿಂದ ಎಷ್ಟೋ ರೀತಿಯಲ್ಲಿ ಈ ಮಾತಿಗೆ ತಯಾರಾಗಿದ್ದಳು. ಬಂದಾಗ ಎರಡೇ ಪದವಾಗಿತ್ತು. ಹೇಳಿದ ಮೇಲೆ ಮನಸ್ಸು ಹಗುರವೂ ಆಗಲಿಲ್ಲ. ಪುಟ್ಟಿ ಇಬ್ಬರ ತುಟಿಗಳನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡುತ್ತಿದ್ದಳು. "ಈಗ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡ್ತೀನಿ. ಸದ್ದು ಮಾಡ್ದೆ ಕೂತ್ಕೊಳ್ಳಿ."

ಎರಡೂ ಕಿವಿ ಬಹಳ ಮಂದವಾಗಿತ್ತು. ಬುದ್ಧಿ ಮಂದವಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಕಿವಿ ಡಾಕ್ಟರೂ ನೋಡಿ ಅದನ್ನೇ ಹೇಳಿದರು. ಕಿವಿ ಮೇಡಂ ಮೆತ್ತನೆಯ ಹಿಟ್ಟಿನಂಥ ವಸ್ತು ತುಂಬಿ ಕಿವಿಯ ಅಚ್ಚು ತೆಗೆದುಕೊಂಡು ನಗರಕ್ಕೆ ಹೋದಳು. ಮುಂದಿನ ತಿಂಗಳು ಮಷಿನ್ ತಂದಳು.

ಮಷಿನ್ ಹಾಕಿದ ಕೂಡಲೇ ಮಗು ನಗಲಿಲ್ಲ. ಅತ್ತಿತು. ಇಸ್ತ್ರಿ ಪೆಟ್ಟಿಗೆಯ ಹಬೆ ಬುಸ್ ಅಂದದ್ದಕ್ಕೆ ಹೆದರಿ, ಮಷಿನ್ ಕಿತ್ತು ಬಟ್ಟೆ ಗಂಟಿನೊಳಗೆ ತುರುಕಿತು. ಅಕ್ಕ ಓಡಿ ಬಂದಳು.

"ಆಗಲ್ಲ ಮೇಡಂ, ಹಾಕ್ಕೊಳ್ಳಲ್ಲ ಇವಳು."

"ಆರು ವರ್ಷ ಸದ್ದಿಲ್ಲದ ಮನೇಲಿದ್ದು ಒಂದೇ ಸಲ ಸಂತೆಗೆ ಬಂದ ಹಾಗೆ ಅವಳಿಗೆ. ಇವತ್ತು ಅರ್ಧ ಗಂಟೆ ಸಾಕು. ಸದ್ದಿಲ್ಲದ ಕಡೆ ಕೂರಿಸ್ಕೊಂಡು ಮಾತಾಡ್ಸಿ. ನಾಳೆ ಸ್ವಲ್ಪ ಜಾಸ್ತಿ ಮಾಡಿ. ಏನು ಸದ್ದಾಯ್ತು ಅಂತ ತೋರಿಸಿ ಹೇಳಿ. ಬಿಡಬೇಡಿ, ಹೊಡೀಬೇಡಿ."

ಅಕ್ಕ ಹೊರಡಲಿಲ್ಲ. ಸೆರಗಿನ ತುದಿ ತಿರುವುತ್ತ ನಿಂತಳು. "ಅವತ್ತಿಂದ ನಿಮ್ಮನ್ನ ಕ್ಷಮೆ ಕೇಳೋಣ ಅಂತಾನೇ ಇದ್ದೀನಿ. ಬಾಯಿ ಬರ್ತಿಲ್ಲ."

ಕಿವಿ ಮೇಡಂ ಪುಟ್ಟಿಯ ಕಡೆ ನೋಡಿದಳು. "ನಾಳೆ ಪುಟ್ಟಿ ಕ್ಲಾಸಿಗೆ ಹೋಗಿ ಮಕ್ಕಳ ಹತ್ರ ಮಾತಾಡ್ತೀನಿ. ಟೀಚರ್ ಒಪ್ಪಿದ್ದಾರೆ. ನೀವೂ ಬನ್ನಿ. ನನಗೆ ಹೇಳೋದಕ್ಕಿಂತ ಅಲ್ಲಿ ಹೇಳಿ."

ಮರುದಿನ ತರಗತಿಯಲ್ಲಿ ಕಿವಿ ಮೇಡಂ ಮಷಿನ್ ತೋರಿಸಿದಳು. ಕಣ್ಣಿಗೆ ಕನ್ನಡಕ ಹೇಗೋ ಕಿವಿಗೆ ಇದು ಹಾಗೆ ಎಂದಳು. ಆಮೇಲೆ ಅಕ್ಕ ಎದ್ದು ನಿಂತಳು. ಬೀದಿಗೆಲ್ಲ ಕೇಳುವ ಆ ಗಂಟಲು ಅಂದು ಹಿಂದಿನ ಬೆಂಚಿಗೂ ಸರಿಯಾಗಿ ಮುಟ್ಟಲಿಲ್ಲ.

"ಇದೇ ಸ್ಕೂಲಲ್ಲಿ ನಾನು ಒಂದು ಹುಡುಗೀಗೆ ತುಂಬಾ ಅನ್ಯಾಯ ಮಾಡ್ದೆ ಮಕ್ಕಳೇ. ಅವಳಿಗೆ ಕೇಳಲ್ಲ ಅಂತ ಹಿಂದೆ ನಿಂತು ಬೈತಿದ್ದೆ. ಎಲ್ಲರೂ ನಗ್ತಿದ್ರು. ನಾನು ದೊಡ್ಡ ಜಾಣೆ ಅಂದ್ಕೊಂಡಿದ್ದೆ. ಅವಳ ಜೊತೆ ಯಾರೂ ಕೂರದ ಹಾಗೆ ಮಾಡಿದ್ದೂ ನಾನೇ. ಈಗ ನನ್ನ ಮಗಳಿಗೇ ಕೇಳಲ್ಲ. ಯಾರಾದ್ರೂ ಅವಳ ಹಿಂದೆ ನಿಂತು ನಗ್ತಾರೇನೋ ಅಂತ ನನಗೆ ಕೆಲಸ ಓಡಲ್ಲ. ನೀವು ಹಾಗೆ ಮಾಡಬೇಡಿ. ಅವಳ ಎದುರಿಗೆ ಬಂದು ಮಾತಾಡಿ, ಆಟಕ್ಕೆ ಸೇರಿಸ್ಕೊಳ್ಳಿ. ಅಷ್ಟು ಮಾಡಿ."

ಕಿವಿ ಮೇಡಂ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಸಿಟ್ಟು ಹೋಯಿತೇ ಎಂದರೆ ಪೂರ್ತಿ ಹೋಗಿರಲಿಲ್ಲ. ಆದರೆ ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದ್ದಳು.

ಮುಂದಿನ ತಿಂಗಳು ಅವಳು ಬರುವ ಹೊತ್ತಿಗೆ ಬಾಗಿಲ ಮುಂದೆ ಹನ್ನೊಂದು ಜನ ಕಾಯುತ್ತಿದ್ದರು. ಬಟ್ಟೆ ಕೊಡಲು ಬಂದವರನ್ನೆಲ್ಲ ಇಸ್ತ್ರಿ ಅಕ್ಕ ಅಡ್ಡ ಹಾಕಿ ವಿಚಾರಿಸಿದ್ದಳಂತೆ. ಡ್ರೈವರು ಬಸ್ಸಿನೊಳಗೆ ಚೀಟಿ ಅಂಟಿಸಿದ್ದನಂತೆ. ಮಗಳು ಈಗ ಮಲಗುವವರೆಗೆ ಮಷಿನ್ ತೆಗೆಯುವುದಿಲ್ಲ, ತೆಗೆ ಅಂದರೆ ಜಗಳ ಮಾಡುತ್ತಾಳೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದನಂತೆ.

ಪುಟ್ಟಿ ಒಳಗೆ ಬಂದು ಕುರ್ಚಿ ಹತ್ತಿ ಕೂತಳು. ಮಾತು ಇನ್ನೂ ಪೂರ್ತಿ ಸರಿಹೋಗಿರಲಿಲ್ಲ, ಆದರೆ ಧಾರಾಳವಾಗಿತ್ತು.

"ನನಗೆ ಇಬ್ರು ಫ್ರೆಂಡ್ಸು ಇದ್ದಾರೆ. ನಿಮ್ಮ ಫ್ರೆಂಡು ಯಾರು?"

ಅಚ್ಚನ್ನು ಒರೆಸುತ್ತಿದ್ದ ಕಿವಿ ಮೇಡಂ ಕೈ ನಿಲ್ಲಿಸಿದಳು. "ಇನ್ನೂ ಯಾರೂ ಇಲ್ಲ."

ಪುಟ್ಟಿ ಸ್ವಲ್ಪ ಯೋಚಿಸಿ, ಬಾಗಿಲಲ್ಲಿ ನಿಂತ ಅಮ್ಮನ ಕಡೆ ನೋಡಿದಳು. "ಅಮ್ಮ ನಿಮ್ಮ ಫ್ರೆಂಡ್ ಆಗ್ತಾಳಾ ಕೇಳ್ಲಾ?"

ಅಕ್ಕ ತಲೆ ತಗ್ಗಿಸಿದಳು. ಕಿವಿ ಮೇಡಂ ಅಚ್ಚನ್ನು ಮೇಜಿನ ಮೇಲಿಟ್ಟಳು.

"ಕೇಳು," ಎಂದಳು ಆಮೇಲೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕರೆದರೆ ತಿರುಗದ ಮಗುವಿದ್ದರೆ ಹಠ ಎನ್ನುವ ಮೊದಲು, ಕೈ ಎತ್ತುವ ಮೊದಲು, ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಎಷ್ಟು ಬೇಗ ಗೊತ್ತಾದರೆ ಅಷ್ಟು ಬೇಗ ಮಾತು ಬರುತ್ತದೆ, ಓದು ಬರುತ್ತದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲವೇ ಆರೋಗ್ಯ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ. ಹಾಗೆಯೇ ಇವತ್ತು ನಿಮ್ಮ ಮಕ್ಕಳು ಶಾಲೆಯಿಂದ ಬಂದಾಗ ಇನ್ನೊಂದು ಮಾತು ಕೇಳಿ: ನಿಮ್ಮ ಕ್ಲಾಸಿನಲ್ಲಿ ಒಬ್ಬರೇ ಕೂರುವವರು ಯಾರು? ನಾಳೆ ಆ ಮಗುವಿನ ಪಕ್ಕ ಹೋಗಿ ಕೂರಲು ಹೇಳಿ ಕಳಿಸಿ.